ಹುಟ್ಟುಗುಣವೂ 10 ಮಿಲಿಗ್ರಾಂ ಮಾತ್ರೆಯೂ

ಬೆಂಗಳೂರಿನ ಶ್ರೀನಗರದ ಓದುಗರೊಬ್ಬರ ಪತ್ರ: "ನಾನು ಮೊದಲಿಂದಲೂ ಗಾಬರಿಯ ಹೆಂಗಸು. ಬಸ್‌ಸ್ಟಾಪಿನವರೆಗೆ ಹೋಗಿ, ಗ್ಯಾಸ್ ಆಫ್ ಮಾಡಿದ್ದೀನಾ ಅಂತ ಮನೆಗೆ ವಾಪಸ್ ಬರುವವಳು. ಕಳೆದ ವರ್ಷ ಅಪ್ಪ ತೀರಿಕೊಂಡ ಮೇಲೆ ಊಟ, ನಿದ್ದೆ ಎರಡೂ ಬಿಟ್ಟುಹೋದವು. ಡಾಕ್ಟರು ಖಿನ್ನತೆ ಅಂದರು. ಎಸಿಟಾಲೋಪ್ರಾಮ್ 10 ಮಿಲಿಗ್ರಾಂ ಶುರುವಾಗಿ ಐದು ತಿಂಗಳಾಯಿತು. ಈಗ ನಿದ್ದೆ ಬರುತ್ತದೆ. ಗ್ಯಾಸ್ ನೋಡಲು ವಾಪಸ್ ಬರುವುದೂ ನಿಂತಿದೆ. ಆದರೆ ಮೊನ್ನೆ ಅಪ್ಪನ ವರ್ಷಾಬ್ದಿಕದ ದಿನ ಒಂದು ಹನಿ ಕಣ್ಣೀರು ಬರಲಿಲ್ಲ. 'ಕಲ್ಲಾಗಿಬಿಟ್ಟೆ ಕಣೇ' ಅಂದಳು ಅಕ್ಕ. ಮಗಳು ಸ್ಕೂಲಿನಿಂದ ಬಹುಮಾನ ತಂದು ತೋರಿಸಿದಾಗಲೂ 'ಹ್ಞೂಂ, ಒಳ್ಳೇದು' ಅಂದು ಚಪಾತಿ ಲಟ್ಟಿಸುತ್ತಲೇ ಇದ್ದೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಒಂದು ಮಾತ್ರೆಗೆ ಹೋಯಿತೇ? ಇವರಿಬ್ಬರಲ್ಲಿ ನಾನು ಯಾರು? ನಿಲ್ಲಿಸಿಬಿಡಲೇ?"

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ನೀವಾಗಿಯೇ ನಿಲ್ಲಿಸಬೇಡಿ. ಸುಮ್ನೆ ಉಪದೇಶ ಮಾಡುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಾನೂ ಇದೇ ಬಗೆಯ ಮಾತ್ರೆ ತಗೊಂಡಿದ್ದೆ. ಈಗ ಚೆನ್ನಾಗಿದ್ದೀನಲ್ಲ ಅಂತ ಒಂದು ಸೋಮವಾರ ಸ್ಟ್ರಿಪ್ಪನ್ನು ಡ್ರಾಯರಿಗೆ ಎಸೆದೆ. ಗುರುವಾರ ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಬೋರ್ಡು ನೋಡಲು ಕತ್ತು ತಿರುಗಿಸಿದರೆ ತಲೆಯೊಳಗೆ ಕರೆಂಟು ಹೊಡೆದ ಹಾಗೆ ಜುಂ ಅಂದಿತು. ಕಂಬ ಹಿಡಿದು ನಿಂತೆ. ಡಾಕ್ಟರ ಹತ್ತಿರ ಬೈಸಿಕೊಂಡು, ಮತ್ತೆ ಶುರು ಮಾಡಿ, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿದ್ದಾಯಿತು. ಇದು ಚಟವಲ್ಲ. ಮಿದುಳು ಮಾತ್ರೆಗೆ ಹೊಂದಿಕೊಂಡಿರುತ್ತದೆ, ಥಟ್ಟನೆ ಕಿತ್ತುಕೊಂಡರೆ ತಡವರಿಸುತ್ತದೆ.

ಈಗ ಹುಟ್ಟುಗುಣದ ವಿಚಾರ. ಮನಶ್ಶಾಸ್ತ್ರದವರು ಮನುಷ್ಯನ ಸ್ವಭಾವವನ್ನು ಐದು ಗುಣಗಳಲ್ಲಿ ಅಳೆಯುತ್ತಾರೆ. ಹೊಸದರ ಕುತೂಹಲ, ಶಿಸ್ತು, ಜನರೊಡನೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಮತ್ತೆ ಬೇಗ ಕಳವಳಕ್ಕೆ ಬೀಳುವುದು. ಕೊನೆಯದಕ್ಕೆ ಅವರಿಟ್ಟ ಹೆಸರು ನ್ಯೂರಾಟಿಸಿಸಂ. ಬೈಗುಳದ ಹಾಗೆ ಕೇಳಿಸುತ್ತದೆ, ಅಲ್ವಾ? ಆದರೆ ಇದು ಎಲ್ಲರಲ್ಲೂ ಇದೆ, ಕೆಲವರಲ್ಲಿ ಜಾಸ್ತಿ. ಜಾಸ್ತಿ ಇರುವವರು ಖಿನ್ನತೆಗೆ ಜಾರುವ ಸಂಭವವೂ ಜಾಸ್ತಿ.

2009ರಲ್ಲಿ ಅಮೆರಿಕದಿಂದ ಒಂದು ಅಧ್ಯಯನ ಪ್ರಕಟವಾಯಿತು. ಖಿನ್ನತೆ ಇದ್ದ 240 ಜನರಲ್ಲಿ 120 ಮಂದಿಗೆ ನಿಮ್ಮ ಮಾತ್ರೆಯ ಗುಂಪಿನದೇ ಆದ ಪ್ಯಾರಾಕ್ಸೆಟಿನ್, 60 ಮಂದಿಗೆ ಮಾತಿನ ಚಿಕಿತ್ಸೆ, ಉಳಿದ 60 ಮಂದಿಗೆ ಔಷಧವೇ ಇಲ್ಲದ ಸುಳ್ಳು ಮಾತ್ರೆ. ಸುಳ್ಳು ಮಾತ್ರೆಯವರಲ್ಲೂ ಖಿನ್ನತೆ ಇಳಿಯಿತು, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಖಿನ್ನತೆ ಅಷ್ಟೇ ಇಳಿದವರನ್ನು ಹೋಲಿಸಿ ನೋಡಿದಾಗ, ನಿಜವಾದ ಮಾತ್ರೆಯವರಲ್ಲಿ ಕಳವಳದ ಗುಣ ಇನ್ನೂ ಹೆಚ್ಚು ಇಳಿದಿತ್ತು, ಜನರೊಡನೆ ಬೆರೆಯುವುದು ಹೆಚ್ಚಿತ್ತು. ಅಂದರೆ ಮಾತ್ರೆ ಕಾಯಿಲೆಯನ್ನಷ್ಟೇ ಅಲ್ಲ, ಗುಣವನ್ನೂ ಮುಟ್ಟುತ್ತದೆ. ಮಾತ್ರೆಯೇ ಇಲ್ಲದೆಯೂ ವಯಸ್ಸಾದಂತೆ ಈ ಕಳವಳ ಸಾಮಾನ್ಯವಾಗಿ ತಗ್ಗುತ್ತದೆ. ಗಾದೆ ಮಾಡಿದವರು ಸ್ವಲ್ಪ ಅವಸರ ಪಟ್ಟರು ಅಂತ ಕಾಣುತ್ತದೆ.

ಹೇಗೆ ಅಂದರೆ, ಮಿದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸಿರೊಟೊನಿನ್ ಅನ್ನುವ ರಾಸಾಯನಿಕವನ್ನು ಹೊರಗೆ ಬಿಟ್ಟು ಮತ್ತೆ ಒಳಗೆ ಎಳೆದುಕೊಳ್ಳುತ್ತವೆ. ಮಾತ್ರೆ ಆ ಎಳೆದುಕೊಳ್ಳುವುದನ್ನು ತಡೆಯುತ್ತದೆ. ಇದು ಮೊದಲ ದಿನವೇ ಶುರುವಾದರೂ ಮನಸ್ಸು ಹಗುರಾಗಲು ವಾರಗಳು ಬೇಕು. ಹಾಗಾಗಿ "ಸಿರೊಟೊನಿನ್ ಕಮ್ಮಿಯಾಗಿತ್ತು, ತುಂಬಿಸಿದರು" ಅನ್ನುವ ಪೆಟ್ರೋಲ್ ಬಂಕ್ ಕಥೆಯನ್ನು ನಂಬಬೇಡಿ.

ನನ್ನನ್ನು ತಡೆದು ನಿಲ್ಲಿಸಿದ್ದು ನಿಮ್ಮ ಚಪಾತಿ. ಅಕ್ಕ ಕಣ್ಣೀರನ್ನಷ್ಟೇ ಲೆಕ್ಕ ಹಾಕಿದರು. ವರ್ಷ ಕಳೆದ ಮೇಲೆ ಅಳು ಬರದಿರುವುದು ದೊಡ್ಡ ವಿಷಯವಲ್ಲ. ಮಗಳ ಬಹುಮಾನಕ್ಕೂ ಲಟ್ಟಣಿಗೆ ನಿಲ್ಲಲಿಲ್ಲ ಅನ್ನುವುದು ವಿಷಯ. ಗಾಬರಿ ಹೋಗುವುದು ಬೇರೆ, ಖುಷಿಯೂ ಅದರ ಜೊತೆಗೇ ಹೋಗುವುದು ಬೇರೆ. ಈ ಮಾತ್ರೆಗಳಿಂದ ಕೆಲವರಿಗೆ ಭಾವನೆಗಳೆಲ್ಲ ಮಂಕಾಗುತ್ತವೆ. ಇದು ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ಅಡ್ಡಪರಿಣಾಮ. ಡೋಸ್ ಇಳಿಸಿ ಅಥವಾ ಮಾತ್ರೆ ಬದಲಿಸಿ ನೋಡುತ್ತಾರೆ. ಖಿನ್ನತೆಯೇ ಇನ್ನೂ ಸ್ವಲ್ಪ ಉಳಿದಿದ್ದರೂ ಹೀಗಾಗಬಹುದು. ಯಾವುದು ಅಂತ ಅವರೇ ನೋಡಿ ಹೇಳಬೇಕು.

ಇಬ್ಬರಲ್ಲಿ ನೀವು ಯಾರು ಅಂತ ಕೇಳಿದ್ದೀರಿ. ಗ್ಯಾಸ್ ನೋಡಲು ಓಡಿ ಬರುತ್ತಿದ್ದವಳೇ ಅಸಲಿ ಅಂತ ಯಾರು ಹೇಳಿದರು? ಅವಳು ವಾಪಸ್ ಬರಲಿ ಅಂತ ನನಗಂತೂ ಆಸೆಯಿಲ್ಲ. ಬಹುಮಾನ ನೋಡಿ ಹಿಟ್ಟಿನ ಕೈಯಲ್ಲೇ ಮಗಳನ್ನು ತಬ್ಬಿಕೊಳ್ಳುತ್ತಿದ್ದವಳು ಬೇಕು.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಚೀಟಿ ಬರೆದುಕೊಂಡು ಹೋಗಿ. ನಾನು ಪ್ರತಿ ಸಲವೂ "ಪರವಾಗಿಲ್ಲ ಡಾಕ್ಟ್ರೇ" ಅಂತ ಎದ್ದು ಬರುತ್ತಿದ್ದೆ. ಇನ್ನೊಬ್ಬರ ಅಭಿಪ್ರಾಯ ಬೇಕಿದ್ದರೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಬದುಕೇ ಬೇಡ ಅನ್ನಿಸಿದರೆ ಮಾತ್ರ ಯಾವ ಭೇಟಿಗೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಚೀಟಿಯಲ್ಲಿ ನಿದ್ದೆ, ಊಟ, ಬಸ್‌ಸ್ಟಾಪು ಎಲ್ಲ ಇರಲಿ. ಚಪಾತಿಯನ್ನು ಮೊದಲ ಸಾಲಿನಲ್ಲೇ ಬರೆಯಿರಿ.