ಮೊದಲು ಹೊಟ್ಟೆ ಇಳಿಸಬೇಕಾ, ಮೊದಲು ತೋಳು ಬೆಳೆಸಬೇಕಾ?

31 ವರ್ಷ, 78 ಕೆಜಿ, ಐದಡಿ ಏಳಂಗುಲ ಎತ್ತರ, ಹೊಟ್ಟೆ ಮುಂದೆ, ತೋಳು ಮಾತ್ರ ಕಡ್ಡಿ. ಜಿಮ್ ಸೇರಿ ಎರಡು ತಿಂಗಳು. ಒಬ್ಬರು ಮೊದಲು ಕರಗಿಸು ಅಂತಾರೆ, ಇನ್ನೊಬ್ಬರು ಮೊದಲು ಚೆನ್ನಾಗಿ ತಿಂದು ಬೆಳೆಸು ಅಂತಾರೆ, ಯಾರ ಮಾತು ಕೇಳಲಿ ಅಂತ ನಿಮ್ಮ ಪ್ರಶ್ನೆ. ಮೂರು ವರ್ಷದ ಹಿಂದೆ ಹೆಚ್ಚುಕಮ್ಮಿ ಇದೇ ಮೈ ಹೊತ್ತುಕೊಂಡು ತುಮಕೂರಿನಲ್ಲಿ ಓಡಾಡುತ್ತಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಂಥವರಿಗೆ ಎರಡೂ ಒಟ್ಟಿಗೆ ಆಗುತ್ತದೆ. ಭಾರ ಎತ್ತಿ ಅಭ್ಯಾಸವಿಲ್ಲದ ಮೈ, ಜೊತೆಗೆ ಕೂಡಿಟ್ಟ ಕೊಬ್ಬು ಬೇಕಾದಷ್ಟಿದೆ. ಭಾರ ಎತ್ತುತ್ತಾ, ಪ್ರೋಟೀನ್ ಸಾಕಷ್ಟು ತಿನ್ನುತ್ತಾ ಊಟದಲ್ಲಿ ಸ್ವಲ್ಪ ಕಡಿಮೆ ಮಾಡಿದರೆ ಮೈ ಆ ಕೊಬ್ಬನ್ನು ಖರ್ಚು ಮಾಡಿಕೊಂಡೇ ಸ್ನಾಯು ಕಟ್ಟುತ್ತದೆ. ವರ್ಷಗಟ್ಟಲೆ ಎತ್ತಿ ಪಳಗಿದವರಿಗೆ, ಆಗಲೇ ತೆಳ್ಳಗಿರುವವರಿಗೆ ಇದು ಕಷ್ಟ. ಅವರು ಒಂದಾದ ಮೇಲೊಂದು ಮಾಡುತ್ತಾರೆ. ಜಿಮ್‌ನಲ್ಲಿ ನಿಮಗೆ ಬುದ್ಧಿ ಹೇಳುತ್ತಿರುವವರು ಬಹುಶಃ ಅವರೇ ಇರಬೇಕು.

ನಾನು ಮೊದಲು ಮಾಡಿದ ತಪ್ಪು ಹೇಳ್ತೀನಿ. ರಾತ್ರಿ ಊಟ ಬಿಟ್ಟೆ. ಬೆಳಿಗ್ಗೆ ಅಮಾನಿಕೆರೆ ಹತ್ತಿರ ಒಂದು ಗಂಟೆ ನಡಿಗೆ. ಹತ್ತು ವಾರಕ್ಕೆ ಆರು ಕೆಜಿ ಇಳಿಯಿತು, ನನಗೋ ಖುಷಿಯೋ ಖುಷಿ. ಹಬ್ಬಕ್ಕೆ ಊರಿಗೆ ಹೋದರೆ ಚಿಕ್ಕಮ್ಮ ಕೆನ್ನೆ ಸವರಿ, "ಏನಪ್ಪಾ, ಶುಗರ್ ಏನಾದ್ರೂ ಬಂದೈತಾ?" ಅಂದರು. ಮುಖ ಇಳಿದಿತ್ತು, ಭುಜ ಇಳಿದಿತ್ತು, ಹೊಟ್ಟೆ ಮಾತ್ರ ಹಾಗೇ ಕೂತಿತ್ತು. ಭಾರ ಎತ್ತದೆ, ಪ್ರೋಟೀನ್ ಇಲ್ಲದೆ ಸುಮ್ನೆ ಹಸಿದುಕೊಂಡರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಮಾಮೂಲಿ ಊಟಕ್ಕೆ ಮರಳಿದ ಮೇಲೆ ಅಷ್ಟೂ ತೂಕ ವಾಪಸ್ ಬಂತು. ಮತ್ತೆ 77.

ಎರಡನೇ ಸಲ ಊಟದ ಲೆಕ್ಕ ಹಾಕಲು ಕೂತೆ. ನೆಟ್‌ನಲ್ಲಿ ನೋಡಿದರೆ ಎಲ್ಲರೂ ಓಟ್ಸ್, ಬ್ರೊಕೊಲಿ ಅಂತಾರೆ. ನಮ್ಮ ಮನೆಯಲ್ಲಿ ಹಿಟ್ಟು (ರಾಗಿ ಮುದ್ದೆ), ಸಾರು. ಹುರುಳಿಕಾಳು ತಿನ್ನುವ ಮನೆ ನಮ್ಮದು, ಪ್ರೋಟೀನ್‌ಗೇನು ಕೊರತೆ ಅಂದುಕೊಂಡಿದ್ದೆ. ಒಂದು ದಿನ ತಟ್ಟೆ ಸರಿಯಾಗಿ ನೋಡಿದೆ. ಬಸ್ಸಾರು ಮಾಡಿದ ದಿನ ಕಾಳು ಬೇಯಿಸಿ ನೀರು ಬಸಿಯುತ್ತಾರಲ್ವಾ, ಆ ಬಸಿದ ಕಟ್ಟು ಸಾರಾಗುತ್ತದೆ, ಕಾಳು ಪಲ್ಯವಾಗುತ್ತದೆ. ನಾನು ಎರಡು ಮುದ್ದೆಗೆ ಮೂರು ಸೌಟು ಸಾರು ಸುರಿದುಕೊಂಡು, ಪಲ್ಯ ಮಾತ್ರ ಉಪ್ಪಿನಕಾಯಿ ಥರ ತಟ್ಟೆಯ ಅಂಚಿಗೆ ಒಂದು ಚಮಚ ಹಾಕಿಸಿಕೊಳ್ಳುತ್ತಿದ್ದೆ! ಪ್ರೋಟೀನ್ ಬಹುಪಾಲು ಉಳಿದಿರುವುದು ಆ ಕಾಳಿನಲ್ಲಿ. ಬೇರೆ ದಿನ ಮೊಳಕೆಕಾಳು ಸಾರಾದರೂ ಅಷ್ಟೇ, ಮೇಲಿನ ತಿಳಿ ನನಗೆ, ಕಾಳು ಪಾತ್ರೆಯ ತಳದಲ್ಲಿ. ಈಗ ಸೌಟು ತಳಕ್ಕೆ ಹೋಗುತ್ತದೆ. ಪಲ್ಯ ದೊಡ್ಡ ಬಟ್ಟಲಲ್ಲಿ ಬರುತ್ತದೆ.

ಲೆಕ್ಕ ಇಷ್ಟು. ಭಾರ ಎತ್ತುವವರಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ 1.6 ಗ್ರಾಂ ಸುತ್ತಮುತ್ತ ಪ್ರೋಟೀನ್ ಸಾಕು. ಹೊಟ್ಟೆ ಇರುವ ನಾವು ತಲುಪಬೇಕಾದ ತೂಕದ ಮೇಲೆ ಲೆಕ್ಕ ಹಿಡಿಯಬಹುದು. 70 ಕೆಜಿ ಅಂದರೆ 112 ಗ್ರಾಂ. ಮೂರು ಮೊಟ್ಟೆಗೆ 18. ಅರ್ಧ ಲೀಟರ್ ಹಾಲು, ಮೊಸರಿಗೆ 16. ಹುರುಳಿಕಾಳು ಒಣಗಿದ್ದು 75 ಗ್ರಾಂ ಬೇಯಿಸಿದರೆ ಸುಮಾರು 16. ಸೋಯಾ ಚಂಕ್ಸ್ 40 ಗ್ರಾಂಗೆ 20. ಒಂದು ಹಿಡಿ ಕಡಲೆಕಾಯಿ ಬೀಜಕ್ಕೆ ಏಳು. ರಾಗಿಯನ್ನು ಮರೆಯಬೇಡಿ, ನೂರು ಗ್ರಾಂ ಹಿಟ್ಟಿಗೆ ಏಳು ಗ್ರಾಂ ಇದೆ. ಉಳಿದಿದ್ದು ಅನ್ನ, ಬೇಳೆ, ಇಡ್ಲಿಯಿಂದ ಕೂಡಿಕೊಳ್ಳುತ್ತದೆ. ಕೋಳಿ ಮಾಡಿದ ದಿನ ತಲೆನೋವೇ ಇಲ್ಲ. ಆದರೂ 20 ಗ್ರಾಂ ಕಡಿಮೆ ಬೀಳುತ್ತಿದ್ದರೆ ವೇ (whey) ಪ್ರೋಟೀನ್ ಪೌಡರ್ ತಗೊಳ್ಳಿ, ಅದು ಹಾಲಿನಿಂದ ತೆಗೆದ ಪ್ರೋಟೀನ್ ಅಷ್ಟೇ. ಮೂತ್ರಪಿಂಡದ ತೊಂದರೆ ಇದ್ದವರು ಇದೆಲ್ಲಕ್ಕೂ ಮುಂಚೆ ಡಾಕ್ಟರನ್ನು ಕೇಳಬೇಕು.

ಕಡಿಮೆ ಮಾಡಬೇಕಾದ್ದು ದಿನಕ್ಕೆ 300ರಿಂದ 400 ಕ್ಯಾಲೊರಿ, ಜಾಸ್ತಿ ಬೇಡ. ನಾಲ್ಕು ಟೀಗೆ ಎರಡೆರಡು ಚಮಚ ಸಕ್ಕರೆ ಅಂದರೆ ಅಲ್ಲೇ ಸುಮಾರು 160. ಒಂದು ದೊಡ್ಡ ಚಮಚ ಎಣ್ಣೆಗೆ 120. ಇನ್ನು ನಮ್ಮದು ತೆಂಗಿನ ಸೀಮೆ, ಕಾಯಿ ಹಾಕದೆ ಒಗ್ಗರಣೆಯೂ ಇಳಿಯಲ್ಲ. ನಾನು ಟೀ ಸಕ್ಕರೆ, ಸಂಜೆ ಬೋಂಡ, ಚಟ್ನಿಯ ಅರ್ಧ ಕಾಯಿ ಬಿಟ್ಟೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಿಡಲಿಲ್ಲ, ಬಿಡುವುದೂ ಇಲ್ಲ. ಭಾನುವಾರ ಎರಡು, ಬೆಣ್ಣೆ ಸಮೇತ.

ಜಿಮ್ ವಾರಕ್ಕೆ ಮೂರು ದಿನ. ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು), ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವುದು), ರೋ (ಭಾರವನ್ನು ಮೈಯತ್ತ ಎಳೆಯುವುದು), ಭುಜದ ಪ್ರೆಸ್ (ಭುಜದಿಂದ ತಲೆ ಮೇಲಕ್ಕೆ ತಳ್ಳುವುದು). ಇದರಲ್ಲಿ ದಿನಕ್ಕೆ ಮೂರು ನಾಲ್ಕು ಸಾಕು. ಒಂದು ಪೆನ್ನು, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನನ್ನದರಲ್ಲಿ ಮೊದಲ ಪುಟ ಹೀಗಿದೆ: ಸ್ಕ್ವಾಟ್ 30 ಕೆಜಿ, 8, 8, 6 (ಮೂರು ಸುತ್ತು, ಒಂದೊಂದು ಸುತ್ತಿಗೆ ಎಷ್ಟು ಸಲ ಎತ್ತಿದೆ ಅಂತ). ಮುಂದಿನ ವಾರ 8, 8, 7. ಅದರಾಚೆ 8, 8, 8, ಆಮೇಲೆ 32.5 ಕೆಜಿ. ಇನ್ನೆರಡು ಸಲ ಎತ್ತಬಹುದು ಅನ್ನುವಾಗಲೇ ನಿಲ್ಲಿಸಿ, ಬೆನ್ನು ಬಾಗಿಸಿ ಶೂರತನ ಬೇಡ. ವಾರ ವಾರ ಒಂದೇ ಭಾರ ಎತ್ತಿ ಬೆವರೊರೆಸಿಕೊಂಡು ಬಂದರೆ ಮೈಗೆ ಬೆಳೆಯಲು ಕಾರಣವೇ ಇರಲ್ಲ.

ತೂಕದ ಮಿಷನ್ ನಿಮ್ಮನ್ನು ಸತಾಯಿಸುತ್ತದೆ, ಅದಕ್ಕೆ ತಯಾರಾಗಿರಿ. ಮೊದಲ ಒಂದೂವರೆ ತಿಂಗಳು ನನ್ನದು 77, 76.5, ಮತ್ತೆ 77. ಇದೂ ದಂಡವೇ ಅಂದುಕೊಂಡೆ. ಬದಲಾವಣೆ ಗೊತ್ತಾಗಿದ್ದು ಉಡದಾರದಿಂದ. ಸ್ನಾನ ಮಾಡುವಾಗ ನೋಡಿದರೆ, ಹೊಟ್ಟೆಯಲ್ಲಿ ಹೂತು ಗೆರೆ ಬೀಳುತ್ತಿದ್ದ ದಾರ ಕೆಳಗೆ ಜಾರುತ್ತಿತ್ತು. ಆಮೇಲೆ ಪ್ರತಿ ಭಾನುವಾರ ಖಾಲಿ ಹೊಟ್ಟೆಯಲ್ಲಿ ಹೊಕ್ಕುಳ ಮಟ್ಟಕ್ಕೆ ಟೇಪ್ ಹಿಡಿಯಲು ಶುರು ಮಾಡಿದೆ. ಎಂಟು ತಿಂಗಳಿಗೆ ಸೊಂಟ 97ರಿಂದ 90 ಸೆಂಟಿಮೀಟರ್, ತೂಕ 73. ತೂಕ ಇಳಿದದ್ದು ನಾಲ್ಕೇ ಕೆಜಿ, ಆದರೆ ಹಳೇ ಅಂಗಿ ಭುಜದಲ್ಲಿ ಬಿಗಿ, ಹೊಟ್ಟೆಯಲ್ಲಿ ಸಡಿಲ.

ನಿದ್ದೆ ವಿಷಯ ನನಗೇ ಸರಿಯಾಗಿ ಒಗ್ಗಿಲ್ಲ. ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸ, ನೈಟ್ ಶಿಫ್ಟ್ ವಾರದಲ್ಲಿ ಐದು ಗಂಟೆ ಸಿಕ್ಕರೆ ಪುಣ್ಯ. ಆ ವಾರ ಭಾರ ಏರಿಸಲು ಹೋಗಲ್ಲ, ಹಿಂದಿನ ವಾರದ್ದನ್ನೇ ಎತ್ತಿ ಬರುತ್ತೇನೆ. ಊಟವನ್ನೂ ಕಡಿಮೆ ಮಾಡಲ್ಲ. ನಿಮ್ಮ ಕೆಲಸ ಯಾವ ಹೊತ್ತಿನದು ಅಂತ ಪ್ರಶ್ನೆಯಲ್ಲಿ ಬರೆದಿಲ್ಲ, ಪಾಳಿಯಾಗಿದ್ದರೆ ಹೇಳಿ, ಆ ವಾರ ಡಬ್ಬಿಗೆ ಏನು ಕಟ್ಟಿಕೊಂಡು ಹೋಗ್ತೀನಿ ಅಂತ ಬರೆಯುತ್ತೇನೆ.