ಮೊದಲು ಅವರ ಪಾಸ್‌ಬುಕ್ ಎಂಟ್ರಿ ಮಾಡಿಸಿ

ಪ್ರಶ್ನೆ: ಅಕ್ಕಾ, ನನ್ನ ಯಜಮಾನರು ಗಾರೆ ಕೆಲಸ ಮಾಡುತ್ತಿದ್ದರು. ಐದು ತಿಂಗಳ ಹಿಂದೆ ಎದೆನೋವು ಬಂದು ತೀರಿಕೊಂಡರು. ವಯಸ್ಸು 41. ನಾನು ಮೂರು ಮನೆಯಲ್ಲಿ ಪಾತ್ರೆ, ಬಟ್ಟೆ ಕೆಲಸ ಮಾಡುತ್ತೇನೆ. ತಿಂಗಳಿಗೆ 7,500 ರೂಪಾಯಿ ಬರುತ್ತದೆ. ಬಾಡಿಗೆ 2,800. ಸಂಘದ ಸಾಲದ ಕಂತು ಹದಿನೈದು ದಿನಕ್ಕೆ 1,200. ಮಕ್ಕಳಿಬ್ಬರು ಸರ್ಕಾರಿ ಶಾಲೆಗೆ ಹೋಗುತ್ತಾರೆ. ರೇಷನ್ ಕಾರ್ಡು ಊರಲ್ಲಿ ಅತ್ತೆ ಹೆಸರಲ್ಲಿದೆ, ಗೃಹಲಕ್ಷ್ಮಿ ದುಡ್ಡೂ ಅವರಿಗೇ ಹೋಗುತ್ತದೆ. ಇಲ್ಲಿ ನಾವು ಅಕ್ಕಿ ಕೊಂಡು ತಿನ್ನುತ್ತೇವೆ. ಯಜಮಾನರದ್ದು ಅಂತ ಒಂದು ಲೇಬರ್ ಕಾರ್ಡು ಪೆಟ್ಟಿಗೆಯಲ್ಲಿದೆ, ಅಷ್ಟೇ. ನನಗೆ ಎಲ್ಲಿಂದಾದರೂ ಸಹಾಯ ಸಿಗುತ್ತದಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ತಂಗೀ, ‘ಅಷ್ಟೇ’ ಅಂತ ಬರೆದಿದ್ದೀರಲ್ಲ, ನಾನು ಕಾಗದ ಓದುತ್ತಾ ಅಲ್ಲೇ ನಿಂತುಬಿಟ್ಟೆ. ಪೆಟ್ಟಿಗೆಯಿಂದ ಆ ಕಾರ್ಡು ಇವತ್ತೇ ತೆಗೆಯಿರಿ. ಅದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯದ್ದಾಗಿದ್ದರೆ, ನೋಂದಾಯಿತ ಕಾರ್ಮಿಕ ತೀರಿಕೊಂಡಾಗ ಅಂತ್ಯಕ್ರಿಯೆ ವೆಚ್ಚ ಮತ್ತು ಪರಿಹಾರ ಅಂತ ಮನೆಯವರಿಗೆ ಹಣ ಬರುತ್ತದೆ. ಅಪಘಾತದಲ್ಲೇ ಸಾಯಬೇಕು ಅಂತೇನಿಲ್ಲ. ಕಾರ್ಡಿನ ನವೀಕರಣ ಯಾವತ್ತಿನವರೆಗೆ ಇತ್ತು ನೋಡಿಕೊಂಡು, ಮರಣ ಪತ್ರದ ಜೊತೆ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ. ತಡ ಮಾಡಬೇಡಿ. ಐದು ತಿಂಗಳು ಆಗಲೇ ಕಳೆದಿದೆ.

ಎರಡನೆಯದು ಅವರ ಬ್ಯಾಂಕ್ ಪಾಸ್‌ಬುಕ್. ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಾಗ ಒಬ್ಬಾಕೆ ವಿಧವಾ ವೇತನಕ್ಕೆ ಅಂತ ನಾಲ್ಕು ಸಲ ಅಲೆದಳು. ಐದನೇ ಸಲ ಕಾಗದಗಳ ಕಟ್ಟಿನಲ್ಲಿ ಗಂಡನ ಪಾಸ್‌ಬುಕ್ಕೂ ಇತ್ತು. ಸುಮ್ನೆ ತಿರುವಿದೆ. ಜೂನ್ ಒಂದನೇ ತಾರೀಕಿಗೆ 330 ರೂಪಾಯಿ ಕಡಿತ. ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ! ಎರಡು ಲಕ್ಷ ಅವಳದ್ದಾಗಬೇಕಿತ್ತು, ಅವಳು 600 ರೂಪಾಯಿ ಪಿಂಚಣಿಗೆ ನಮ್ಮ ಬಾಗಿಲು ಕಾಯುತ್ತಿದ್ದಳು. ಮೊದಲ ನಾಲ್ಕು ಸಲ ನಾನೂ ಕೇಳಿರಲಿಲ್ಲ ಅನ್ನುವುದು ಇವತ್ತಿಗೂ ಚುಚ್ಚುತ್ತದೆ.

2022ರ ಜೂನ್‌ನಿಂದ ಆ ಕಂತು ವರ್ಷಕ್ಕೆ 436 ರೂಪಾಯಿ. ಖಾತೆ ತೆರೆಯುವಾಗ ಬ್ಯಾಂಕಿನವರು ಸಹಿ ಹಾಕಿಸಿಕೊಂಡಿರುತ್ತಾರೆ, ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಪಾಸ್‌ಬುಕ್ ಎಂಟ್ರಿ ಮಾಡಿಸಿ, ಮೇ ಕೊನೆ, ಜೂನ್ ಮೊದಲ ವಾರದ ಸಾಲುಗಳನ್ನು ನೋಡಿ. 436 ಕಂಡರೆ ಮ್ಯಾನೇಜರ್ ಹತ್ತಿರ ಕ್ಲೇಮ್ ಫಾರಂ ಕೇಳಿ. ಬರೀ 20 ರೂಪಾಯಿ ಕಂಡರೆ ಅದು ಅಪಘಾತ ವಿಮೆ, ಎದೆನೋವಿಗೆ ಬರುವುದಿಲ್ಲ.

ಇನ್ನು ಸಂಘದ ಸಾಲ. ಸಾಲ ಕೊಡುವಾಗ ವಿಮೆ ಅಂತ ಒಂದಿಷ್ಟು ಹಿಡಿದುಕೊಂಡಿದ್ದರು, ಅಲ್ವಾ? ಎಷ್ಟೋ ಕಡೆ ಆ ವಿಮೆ ಹೆಂಡತಿಗೂ ಗಂಡನಿಗೂ ಸೇರಿ ಇರುತ್ತದೆ. ಗಂಡ ತೀರಿಕೊಂಡರೂ ಬಾಕಿ ಸಾಲ ಅದರಲ್ಲೇ ತೀರುತ್ತದೆ. ಸಾಲದ ಕಾರ್ಡು ಹಿಡಿದು ಶಾಖೆಗೇ ಹೋಗಿ ಕೇಳಿ, ವಸೂಲಿಗೆ ಬರುವ ಹುಡುಗನನ್ನಲ್ಲ. ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಅವನು ಇಂಥ ಸಾಲಕ್ಕೆ ಫೋನ್ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ.

ವಿಧವಾ ವೇತನದ ಬಗ್ಗೆ ಆಸೆ ಹುಟ್ಟಿಸಲಾರೆ. ತಿಂಗಳಿಗೆ 800 ರೂಪಾಯಿ, ಆದರೆ ವರ್ಷದ ಆದಾಯ 32,000 ದಾಟಬಾರದು. ನಿಮ್ಮದು 90,000. ಮೂರು ಮನೆಯ ಪಾತ್ರೆ ತೊಳೆದವಳನ್ನು ಸ್ಥಿತಿವಂತೆ ಅನ್ನುವ ಲೆಕ್ಕ ಅದು! ಸುಳ್ಳು ಆದಾಯ ಪತ್ರ ಮಾಡಿಸಿ ಕೊಡುತ್ತೇನೆ ಅನ್ನುವವರ ಹಿಂದೆ ಮಾತ್ರ ಹೋಗಬೇಡಿ.

ಗೃಹಲಕ್ಷ್ಮಿಯ 2,000 ಕಾರ್ಡಿನಲ್ಲಿ ಯಜಮಾನಿ ಅಂತ ಇರುವವರಿಗೇ. ಅದಕ್ಕಾಗಿ ಅತ್ತೆ ಜೊತೆ ಜಗಳ ಬೇಡ ಅನ್ನುತ್ತೇನೆ. ಮಗನನ್ನು ಕಳೆದುಕೊಂಡ ಮುದುಕಿ ಅವರು. ನಿಮ್ಮ ಮೂವರ ಪಾಲಿನ ಅಕ್ಕಿ ಮಾತ್ರ ಕೇಳಿ, ಅದು ನಿಮ್ಮದೇ. ಬೇರೆ ಕಾರ್ಡು ಮಾಡಿಸುವುದಾದರೆ ಮೊದಲು ಆಹಾರ ಇಲಾಖೆಯಲ್ಲಿ ವಿಚಾರಿಸಿ. ಹೊಸ ಅರ್ಜಿ ಯಾವಾಗಲೂ ತೆಗೆದುಕೊಳ್ಳುವುದಿಲ್ಲ. ಅವಸರದಲ್ಲಿ ಹಳೆ ಕಾರ್ಡಿನಿಂದ ಹೆಸರು ತೆಗೆಸಿಬಿಟ್ಟರೆ ಎರಡೂ ಇಲ್ಲದ ಹಾಗಾಗುತ್ತದೆ.

ಇನ್ನೊಂದು. ನಿಮ್ಮ ಯಜಮಾನರದ್ದು ಮದುವೆಗೆ ಮುಂಚೆ ತೆರೆದ ಖಾತೆಯಾಗಿದ್ದರೆ ನಾಮಿನಿ ಜಾಗದಲ್ಲಿ ಅತ್ತೆಯ ಹೆಸರಿರಬಹುದು. ಆಗ ಕ್ಲೇಮ್ ಫಾರಂಗೆ ಅವರದ್ದೇ ಸಹಿ ಬೇಕು. ಬ್ಯಾಂಕಿಗೆ ಹೋಗುವ ದಿನ ಅವರನ್ನೂ ಊರಿಂದ ಕರೆಸಿಕೊಳ್ಳಿ. ಬಸ್ ಚಾರ್ಜ್ ಹೇಗೂ ಇಲ್ಲ.