ಟೇಪ್ ಬದಲಾಯಿಸೋದು ಬಿಡಿ, ಮೊದ್ಲು ಅದನ್ನ ಎಳೆಯೋದು ನಿಲ್ಸಿ

ವೇಷದ ಹೆಲ್ಮೆಟ್ಟಿಗೆ ಟೇಪ್ ಅಂಟಿಸಿ ಪಟ್ಟಿ ಪೇಂಟ್ ಮಾಡಿದ್ರೆ ನೇರ ಗೆರೆ ಚೆನ್ನಾಗಿ ಬರುತ್ತೆ, ತಿರುವಲ್ಲಿ ಮಾತ್ರ ಪೇಂಟ್ ಟೇಪ್ ಕೆಳಗೆ ನುಗ್ಗುತ್ತೆ, ಯಾವ ಟೇಪ್ ತಗೊಳ್ಳಲಿ ಅಂತ ಕೇಳಿದ್ದೀರಲ್ಲ, ಓದಿ ನಗು ಬಂತು, ಬೈಕೋಬೇಡಿ. ಇದೇ ಪ್ರಶ್ನೆ ನಾನೂ ಸಿಕ್ಕಸಿಕ್ಕವರಿಗೆಲ್ಲ ಕೇಳಿದ್ದೆ. ಒಬ್ಬೊಬ್ರು ಒಂದೊಂದು ಟೇಪ್ ಹೆಸರು ಹೇಳಿದ್ರು, ನಾನು ಎಲ್ಲಾನೂ ತಂದು ಗುಡ್ಡೆ ಹಾಕ್ದೆ.

ನಂದು ತ್ರೀಡಿ ಪ್ರಿಂಟ್ ಮಾಡಿದ್ದು, ಬಾಹ್ಯಾಕಾಶದ ಸೈನಿಕನ ವೇಷಕ್ಕೆ. ಬಿಳಿ ಬೇಸ್ ಮೇಲೆ ಹುಬ್ಬಿಂದ ಹೊರಟು ಕಿವಿ ಸುತ್ತಿ ಗದ್ದಕ್ಕೆ ಇಳಿಯೋ ಒಂದು ಕೆಂಪು ಪಟ್ಟಿ ಬರ್ಬೇಕಿತ್ತು, ಅಷ್ಟೇ ಕೆಲ್ಸ. ಪ್ರಿಂಟಿನ ಪದರದ ಗೆರೆಗಳನ್ನ ಫಿಲ್ಲರ್ ಪ್ರೈಮರ್ (ಸಂದಿ ತುಂಬೋ ದಪ್ಪ ಅಡಿ ಬಣ್ಣ) ಹೊಡೆದು 220, ಆಮೇಲೆ 400 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದೆ (ಇದನ್ನ ಬಿಟ್ರೆ ಯಾವ ಟೇಪೂ ಕೂರಲ್ಲ, ಸಂದಿಯಲ್ಲೇ ಬಣ್ಣ ಹರಿದುಹೋಗುತ್ತೆ). ಸಾದಾ ಪೇಪರ್ ಮಾಸ್ಕಿಂಗ್ ಟೇಪ್ ತಿರುವಲ್ಲಿ ಸುಕ್ಕಾಗ್ತಿತ್ತು ಅಂತ ಪ್ಲಾಸ್ಟಿಕ್ ಥರದ ಫೈನ್‌ಲೈನ್ ಟೇಪ್ ತಂದೆ, ಅದು ರಬ್ಬರ್ ಹಂಗೆ ಹಿಗ್ಗುತ್ತೆ, ಹೇಳಿದ ಕಡೆ ಬಾಗುತ್ತೆ.

ತಪ್ಪಾಗಿದ್ದು ಇಲ್ಲೇ. ಹಿಗ್ಗುತ್ತಲ್ಲ ಅಂತ ನಾನು ಒಂದು ತುದಿ ಅಂಟಿಸಿ, ಇನ್ನೊಂದು ತುದಿ ಹಿಡಿದು ಜಗ್ಗಿ, ಕಿವಿ ಸುತ್ತ ಬಿಗಿಯಾಗಿ ಎಳೆದು ಕೂರಿಸ್ದೆ. ಒಂದು ಸುಕ್ಕಿಲ್ಲ, ನೋಡಿದ್ರೆ ಮೆಷಿನ್ನೇ ಅಂಟಿಸಿದ ಹಂಗಿತ್ತು. ರಾತ್ರಿ ಹಂಗೇ ಬಿಟ್ಟು ಮಲಗ್ದೆ, ಬೆಳಗ್ಗೆ ಸ್ಪ್ರೇ ಹೊಡ್ದೆ, ಟೇಪ್ ಕಿತ್ರೆ ನೇರ ಭಾಗ ಬ್ಲೇಡಲ್ಲಿ ಕೊಯ್ದಂಗಿದೆ, ಕಿವಿ ಹತ್ರ ಮಾತ್ರ ಬಾಚಣಿಗೆ ಹಲ್ಲು ಥರ ಕೆಂಪು ಒಳಗೆ ಹೋಗಿದೆ. ಟೇಪ್‌ಗೆ ಬೈದೆ. ಉಜ್ಜಿ ಮತ್ತೆ ಬಿಳಿ ಹೊಡೆದು ಇನ್ನೂ ದುಬಾರಿ ಟೇಪ್ ತಂದೆ, ಅದನ್ನೂ ಹಂಗೇ ಎಳೆದೆ, ಮತ್ತೆ ಅದೇ ಹಲ್ಲು. ಮೂರನೇ ಸಲ ಟೇಪ್ ಹಾಕಿದ ದಿನ ಏನೋ ಕೆಲ್ಸ ಬಂದು ಸ್ಪ್ರೇ ಮಾಡೋಕಾಗ್ಲಿಲ್ಲ, ಮಾರನೇ ದಿನ ಮೊಬೈಲ್ ಟಾರ್ಚ್ ಪಕ್ಕದಿಂದ ಹಿಡಿದು ನೋಡ್ತೀನಿ, ಟೇಪ್ ನಾನು ಎಳೆದಿದ್ದ ಪೆನ್ಸಿಲ್ ಗೆರೆ ಬಿಟ್ಟು ಒಳಕ್ಕೆ ಜಾರಿದೆ, ಅಂಚಿನ ಕೆಳಗೆ ಕೂದಲೆಳೆಯಷ್ಟು ನೆರಳು ಕಾಣ್ತಿದೆ!

ಎಳೆದು ಅಂಟಿಸಿದ ಟೇಪ್ ತನ್ನ ಹಳೇ ಉದ್ದಕ್ಕೆ ವಾಪಸ್ ಹೋಗೋಕೆ ನೋಡ್ತಾನೇ ಇರುತ್ತೆ. ನೇರ ಜಾಗದಲ್ಲಿ ಎಳೆತ ಉದ್ದಕ್ಕೇ ಇರೋದ್ರಿಂದ ಅಂಟು ತಡ್ಕೊಳುತ್ತೆ. ತಿರುವಲ್ಲಿ ಹಗ್ಗ ಬಿಗಿ ಮಾಡಿದ್ರೆ ಅದು ಮೂಲೆ ಬಿಟ್ಟು ಅಡ್ಡದಾರಿ ಹಿಡಿಯುತ್ತಲ್ಲ, ಹಂಗೆ ಟೇಪೂ ನಿಧಾನಕ್ಕೆ ಒಳಮಗ್ಗುಲಿಗೆ ಸರಿಯುತ್ತೆ, ಕೆನ್ನೆ ಹತ್ರ ತಗ್ಗು ಇದ್ರೆ ಅಲ್ಲಿ ಮೇಲೆದ್ದು ಸೇತುವೆ ಥರ ನಿಲ್ಲುತ್ತೆ. ಹಾಕಿದ ಹೊತ್ತಲ್ಲಿ ಏನೂ ಕಾಣಲ್ಲ, ಅದೇ ಮೋಸ. ಟೇಪ್ ಎಷ್ಟು ಒಳ್ಳೇದಾದ್ರೂ ಇದು ತಪ್ಪೋದಿಲ್ಲ, ಹಾಗಾಗಿ ನಿಮ್ಮ ಪ್ರಶ್ನೆನೇ ಸರಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಈಗ ನಾನು ಎಳೆಯೋದೇ ಇಲ್ಲ. ರೋಲ್ ಹಿಡಿದ ಕೈ ಬರೀ ದಾರಿ ತೋರಿಸುತ್ತೆ, ಇನ್ನೊಂದು ಕೈ ಬೆರಳು ಬೆರಳಗಲದಷ್ಟೇ ಒತ್ಕೊಂಡು ಹಿಂದೆ ಬರುತ್ತೆ, ಸುಕ್ಕು ಬಂದ್ರೆ ಟೇಪ್ ಅಗಲ ಜಾಸ್ತಿ ಆಯ್ತು ಅಂತ ಅರ್ಥ, 3 ಮಿ.ಮೀ. ಆಗ್ಲಿಲ್ಲ ಅಂದ್ರೆ 1.5ಕ್ಕೆ ಇಳೀತೀನಿ. ಈ ಸಣ್ಣ ಟೇಪ್ ಗೆರೆಯ ಅಂಚಿಗೆ ಮಾತ್ರ, ಮಿಕ್ಕ ಜಾಗ ಮುಚ್ಚೋಕೆ ಅಗ್ಗದ ಪೇಪರ್ ಟೇಪ್ ಸಾಕು. ಆಮೇಲೆ ಕೆಂಪಲ್ಲ, ಮೊದ್ಲು ಬೇಸಿನ ಅದೇ ಬಿಳಿ ಒಂದು ತೆಳು ಕೋಟ್, ಎಲ್ಲಾದ್ರೂ ಸಂದಿ ಇದ್ರೆ ಬಿಳಿ ಹೋಗಿ ತುಂಬ್ಕೊಳುತ್ತೆ, ಬಿಳಿ ಮೇಲೆ ಬಿಳಿ ಯಾರಿಗೂ ಕಾಣಲ್ಲ, ಕೆಂಪಿಗೆ ದಾರಿ ಬಂದ್. ಕೆಂಪು ಎರಡು ಮೂರು ತೆಳು ಕೋಟು, ಟೇಪ್ ಕಡೆಯಿಂದ ಖಾಲಿ ಜಾಗದ ಕಡೆಗೆ, ಅಂಚಿಗೆ ಎದುರಾಗಿ ಹೊಡೀಬೇಡಿ. ಪೇಂಟ್ ಮುಟ್ಟಿದ್ರೆ ಅಂಟಲ್ಲ ಆದ್ರೆ ಇನ್ನೂ ಗಟ್ಟಿ ಆಗಿಲ್ಲ ಅನ್ನೋ ಹೊತ್ತಲ್ಲಿ ಟೇಪನ್ನ ಹಿಂದಕ್ಕೆ ಮಡಚಿ ನಿಧಾನಕ್ಕೆ ಕೀಳಿ. ಟೇಪ್ ಹಾಕೋದು, ಕೀಳೋದು ಎರಡೂ ಒಂದೇ ದಿನ, ರಾತ್ರಿ ಬಿಡೋದು ಬೇಡ್ವೇ ಬೇಡ.

ಅಗಲ ಟೇಪ್ ಅಂಟಿಸಿ ಹೆಲ್ಮೆಟ್ ಮೇಲೇ ಬ್ಲೇಡಲ್ಲಿ ಕೊಯ್ಯಿ ಅಂತ ಹೇಳೋರು ಸಿಗ್ತಾರೆ, ಕೇಳ್ಬೇಡಿ, ಬ್ಲೇಡ್ ಬೇಸಿಗೂ ಗೀರು ಹಾಕುತ್ತೆ, ಬಣ್ಣ ಆ ಗೀರಲ್ಲೇ ಓಡುತ್ತೆ. ಎಡ ಬಲ ಒಂದೇ ಥರ ಬರ್ಬೇಕು ಅಂದ್ರೆ ಒಂದು ಬದಿಯ ಗೆರೆ ಆಕಾರಕ್ಕೆ ಪೇಪರ್ ಕಟಿಂಗ್ ಮಾಡಿ, ಅದನ್ನೇ ಮಗುಚಿ ಇನ್ನೊಂದು ಬದಿಗೆ ಗುರುತು ಹಾಕಿ. ಹಾಂ, ಇದೆಲ್ಲ ವೇಷದ ಹೆಲ್ಮೆಟ್ಟಿಗೆ ಮಾತ್ರ, ಗಾಡಿ ಓಡಿಸೋ ಹೆಲ್ಮೆಟ್ಟಿಗೆ ಸ್ಪ್ರೇ ಹೊಡೀಬೇಡಿ, ಪೇಂಟಲ್ಲಿರೋ ಸಾಲ್ವೆಂಟ್ (ಬಣ್ಣ ಕರಗಿಸೋ ದ್ರವ) ಅದರ ಚಿಪ್ಪನ್ನ ದುರ್ಬಲ ಮಾಡಬಹುದು.

ನನ್ನ ಹೆಲ್ಮೆಟ್ ಎಡ ಕಿವಿ ಹತ್ರ ಇನ್ನೂ ಮೂರು ಹಲ್ಲು ಉಳಿದಿವೆ, ನಾಲ್ಕನೇ ಸಲ ಉಜ್ಜೋ ತಾಳ್ಮೆ ಇರ್ಲಿಲ್ಲ, ಅದರ ಮೇಲೆ ಬೆಳ್ಳಿ ಬಣ್ಣದಲ್ಲಿ ಗುಂಡು ಸವರಿದ ಗಾಯ ಬರೆದುಬಿಟ್ಟೆ. ನೋಡಿದೋರೆಲ್ಲ ಮೊದ್ಲು ಹೊಗಳೋದು ಅದನ್ನೇ.